ಕಡ ತಂದ ಮಕ್ಕಳಿಗೆ ನೀತಿಪಾಠ

ನೀತಿಚಿಂತನೆಯ ಚರಿತ್ರೆ ಕಲಿಯಲು ಪ್ರೇಮಾನಂದ ಮೇಷ್ಟ್ರ ಬಳಿ ಇದ್ದದ್ದು ಮೂರೇ ಮೂರು ಮಕ್ಕಳು. ಹದಿನೈದು ಇಲ್ಲದಿದ್ದರೆ ಆ ವಿಷಯವನ್ನೇ ಮುಚ್ಚುವುದೆಂದು ಮೇಲಿನವರ ಆಜ್ಞೆ. ತಲೆ ಎಣಿಸಲು ತಪಾಸಣೆಯ ವಿನಯಾ ಮೇಡಂ ಬರುವುದು ಇವತ್ತೇ. ಸ್ವಂತ ಮಗುವಿನ ಹಾಗೆ ಸಾಕಿದ ಪಾಠ. ಪಾಪ, ಮೇಷ್ಟ್ರು ಬೆಳಗ್ಗಿನ ಇಡ್ಲಿಯನ್ನೂ ತಟ್ಟೆಯಲ್ಲೇ ಬಿಟ್ಟು ಬಸ್ಸು ಹತ್ತಿದರು.

ವಂಡ್ಸೆಯ ಕಾಲೇಜಿನೆದುರು ಬಸ್ಸಿಳಿದದ್ದೇ ತಡ, ಕಾಮರ್ಸಿನ ಗೋವರ್ಧನ ಮೇಷ್ಟ್ರು ಅಡ್ಡ ಬಂದರು. ಊರವರ ಉಸಾಬರಿಯೆಲ್ಲ ತನ್ನದೇ ಎನ್ನುವ ಮನುಷ್ಯ.

"ಹ್ವಾಯ್, ಎಂತಕ್ಕೆ ಹೆದ್ರುದ್? ನನ್ ಕ್ಲಾಸಿನ ಹನ್ನೆರಡ್ ಮಕ್ಳನ್ನ್ ಕಡ ಕೊಡ್ತೆ. ಹೋದ್ ವರ್ಷ ಲೈಬ್ರರಿ ತಪಾಸಣೆಗೆ ಪುಸ್ತಕ ಕಡ ತಂದಿರ್ಲಿಲ್ಯಾ?"

"ನೀತಿಪಾಠಕ್ಕೆ ಸುಳ್ಳು ಮಕ್ಳಾ ಮಾರಾಯ್ರೆ?"

"ಪಾಠ ಉಳಿದ್ರೆ ಅಲ್ದಾ ನೀತಿ? ಮೇಡಂ ಬಾಗ್ಲಲ್ಲಿ ನಿಂತ್ ಎಣ್ಸಿ ಹೋತ್ರ್, ಕಾಣಿ."

ಕಡ ತಂದ ಹನ್ನೆರಡೂ ಸೇರಿ ಹದಿನೈದು ತಲೆ ಎಣಿಸಿಯಾದರೂ ಮೇಡಂ ಹೋಗಲಿಲ್ಲ. ಹಿಂದಿನ ಬೆಂಚಿನಲ್ಲಿ ಆರಾಮಾಗಿ ಕೂತು, "ಪಾಠ ಮಾಡಿ, ನಾನೂ ಕೇಳ್ತೆ" ಅಂದರು.

ಮೇಷ್ಟ್ರು ಹೆದರುತ್ತಲೇ ಶುರುಮಾಡಿದರು. ಆದರೆ ಬುದ್ಧನ ಹೆಸರೆತ್ತಿದ ಮೇಲೆ ಅವರಿಗೆ ತಪಾಸಣೆಯೇ ಮರೆತುಹೋಯಿತು. ಬುದ್ಧನಿಂದ ಅಥೆನ್ಸಿಗೆ ಬಂದರು. ಜೈಲಿನಿಂದ ಓಡಿಹೋಗಲು ದಾರಿಯಿದ್ದರೂ, ತನಗೆ ಸರಿಕಂಡದ್ದನ್ನು ಬಿಡದೆ ಸಾಕ್ರೆಟಿಸ್ ವಿಷದ ಬಟ್ಟಲು ಎತ್ತಿದ್ದನ್ನು ಹೇಳುವಾಗ ಕ್ಲಾಸೆಲ್ಲ ಮುಂದಕ್ಕೆ ಬಾಗಿ ಕೂತಿತ್ತು. ಕಿಟಕಿಯಾಚೆ ಗೋವರ್ಧನರು ಮುಗಿಸಿ, ಮುಗಿಸಿ ಎಂದು ಕೈಬೀಸಿದ್ದೇ ಬಂತು. ಕಾಮರ್ಸ್ ಕ್ಲಾಸಿನಲ್ಲಿ ಬರೀ ತೂಕಡಿಸುತ್ತಿದ್ದ ಪದ್ದು, ಮೀನು ವ್ಯಾಪಾರದವರ ಮಗ, ಕಣ್ಣೊರೆಸಿಕೊಂಡ.

ಮೇಡಂ ಅವನನ್ನೇ ಹಿಡಿದರು. "ಯಾವಾಗಿಂದ ಕಲೀತಿದ್ದಿ ಇದನ್ನ?"

ಪದ್ದು ಎದ್ದು ನಿಂತ. "ಜೂನಿಂದ ಅಂದ್ಹೇಳಿ ಹೇಳೂಕ್ ಕಲ್ಸಿ ಕಳ್ಸಿದ್ರ್ ಮೇಡಂ. ಆದ್ರೆ ಅವ್ರ್ ವಿಷ ಕುಡ್ದದ್ ಕೇಂಡ್ ಮೇಲೆ ನಂಗೆ ಸುಳ್ಳ್ ಹೇಳೂಕ್ ಆತಿಲ್ಲೆ. ನಾವ್ ಕಾಮರ್ಸಿನರ್. ಇವತ್ತೇ ಬಂದದ್."

ಉಳಿದ ಹನ್ನೊಂದು ಜನವೂ ದಡಬಡ ಎದ್ದು ನಿಂತರು. ಕಿಟಕಿಯಲ್ಲಿದ್ದ ಗೋವರ್ಧನರ ಮುಖ ಮಾಯವಾಯಿತು.

ಎಲ್ಲ ಮುಗಿಯಿತೆಂದು ಪ್ರೇಮಾನಂದರಿಗೆ ಗೊತ್ತಾಯಿತು. ಆದರೂ ಎಂಥ ಹೆಮ್ಮೆ ಅಂತೀರಿ! ಒಂದೇ ತರಗತಿ, ಹನ್ನೆರಡು ಮಕ್ಕಳು ಎದ್ದು ನಿಂತು ನಿಜ ಹೇಳಿದ್ದಾರೆ. ಯಾವ ಮೇಷ್ಟ್ರಿಗೆ ಸಿಕ್ಕೀತು ಈ ಭಾಗ್ಯ? ಎದೆಯುಬ್ಬಿಸಿ ಅವರೂ ಹೇಳಿಬಿಟ್ಟರು: "ಹೌದ್ ಮೇಡಂ, ಕಡ ತಂದದ್ದೇ. ನಂಗೂ ಗೊತ್ತಿತ್."

ಮೇಡಂ ಬಂದು ಕೈ ಮುಗಿದರು. ಅವರ ಕಣ್ಣೂ ಒದ್ದೆ. "ಇಂಥಾ ಪಾಠ ನಾನ್ ಎಲ್ಲೂ ಕೇಂಡದ್ದಿಲ್ಲೆ ಮೇಷ್ಟ್ರೆ."

ಮೇಷ್ಟ್ರಿಗೆ ಹೋದ ಜೀವ ಬಂತು. "ಹಂಗಾರೆ ಪಾಠ ಉಳೀತಾ ಮೇಡಂ?"

"ನಾನೂ ಈ ಕಡೆಯವ್ಳೇ, ಇಲ್ಲೇ ಗುಲ್ವಾಡಿ. ನಮ್ಮೂರ್ ಕಡೆ ಕಾಲೇಜ್, ಎಷ್ಟೇ ಜನ ಇರ್ಲಿ, ಹದಿನೈದ್ ಅಂದ್ಹೇಳಿ ಬರ್ದ್ ಹೋಪ ಅಂದ್ಕಂಡೇ ಬಂದಿದ್ದೆ." ಮೇಡಂ ಪೆನ್ನು ತೆಗೆದರು. "ಈಗ ನಿಮ್ ಪಾಠ ಕೇಂಡಾಯ್ತಲೆ. ಮೂರ್ ಅಂತ್ಲೇ ಬರಿಕಾಯ್ತ್."