ಪುಕ್ಕಟೆ ಕಾನೂನು ಮತ್ತು ಕೊನೆಯ ಪುಟ

ಪುಕ್ಕಟೆ ಅಂದರೆ ನನಗೊಂದು ದೌರ್ಬಲ್ಯ. ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಹೆಂಡತಿ ವಸುಧಾ ಇದನ್ನು ಬಂಧುಬಳಗಕ್ಕೆಲ್ಲ ಹೇಳಿಯಾಗಿದೆ. ಕೊಸರಿಗೆ ಸಿಗುವ ಕೊತ್ತಂಬರಿ ಸೊಪ್ಪಿನ ಆಸೆಗೆ ಮನೆಯಲ್ಲಿ ಯಾರೂ ತಿನ್ನದ ಸೋರೆಕಾಯಿ ಹೊತ್ತು ತಂದವನು ನಾನು. ಆದರೆ ಕಾನೂನು ಕೂಡ ಪುಕ್ಕಟೆ ಸಿಗುತ್ತದೆ ಅನ್ನೋದು ಐವತ್ತನಾಲ್ಕು ವರ್ಷ ಬದುಕಿದರೂ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಒಂದು ಆಘಾತವಾಯಿತು. ಅದರ ಹಿಂದೆ ಬಂದವು ಇನ್ನೂ ಜೋರಾಗಿದ್ದವು.

ನಾನು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿದ್ದೇನೆ. ವಡೋದರದಲ್ಲಿ ಗೋರ್ವಾ, ಸೂರತ್ತಿನಲ್ಲಿ ಉಧ್ನಾ ಅಂತ ವರ್ಗವಾಗುತ್ತ ಆಗುತ್ತ ಈಗ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಗೆ ಬಂದು ಬಿದ್ದಿದ್ದೇನೆ. ಊರು ಬದಲಾದರೂ ನನ್ನ ಡೈಲಾಗು ಬದಲಾಗಿಲ್ಲ. ಪಾಲಿಸಿ ಹಿಡಿದು ಗೋಳಾಡುತ್ತ ಬಂದವರನ್ನೆಲ್ಲ, ಕನ್ನಡಕ ಮೂಗಿನ ತುದಿಗಿಳಿಸಿ, ಸಹಿ ಹಾಕುವ ಮುಂಚೆ ಕೊನೇ ಪುಟ ಓದಿದ್ರಾ ಅಂತ ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳುತ್ತೇನೆ. ಅವರು ಪೆಚ್ಚಾಗುತ್ತಾರೆ. ನನಗೆ ಒಳಗೊಳಗೇ ಖುಷಿ.

ವಸುಧಾ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಕ್ಲಬ್ ರೂಮಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಕನ್ನಡ ಕಲಿಸುತ್ತಾಳೆ. ಬ್ಯಾಂಕು, ರೈಲ್ವೆ ಅಂತ ಕರ್ನಾಟಕದಿಂದ ಬಂದವರ ಏಳು ಮಕ್ಕಳು. ಇಲ್ಲೇ ಹುಟ್ಟಿ ಬೆಳೆದವು, ನಾಲಿಗೆ ಗುಜರಾತಿಗೇ ತಿರುಗೋದು. ಅವರಲ್ಲಿ ಪಿಂಕಿ ಅನ್ನುವ ಹುಡುಗಿ ಮೊದಲು ದಾವಣಗೆರೆಯ ಅಜ್ಜಿಯ ಹತ್ತಿರ ಫೋನಿನಲ್ಲಿ ಮಾತಾಡಬೇಕಾದರೆ ಅವರಮ್ಮ ನಡುವೆ ನಿಂತು ತರ್ಜುಮೆ ಮಾಡಬೇಕಿತ್ತು. ಹೋದ ತಿಂಗಳು ತಾನೇ, ಅಜ್ಜಿ ಊಟ ಆಯ್ತಾ, ಅಂತ ಕೇಳಿದಳಂತೆ. ಅಜ್ಜಿ ಅತ್ತುಬಿಟ್ಟರಂತೆ. ಅದನ್ನು ವಸುಧಾ ನನಗೆ ಮೂರು ಸಲ ಹೇಳಿದಳು.

ಅಂಥದ್ದರಲ್ಲಿ ಒಂದು ದಿನ ಲಿಫ್ಟಿನಲ್ಲಿ ನೋಟೀಸು. ಕ್ಲಬ್ ರೂಮಿನಲ್ಲಿ ಖಾಸಗಿ ಕ್ಲಾಸು ನಡೆಸುವಂತಿಲ್ಲ, ಬರುವ ಭಾನುವಾರದಿಂದ ಬೀಗ. ವಸುಧಾ ಅದನ್ನು ಓದಿ ಮನೆಗೆ ಬಂದಳು. "ಆ ಮಕ್ಕಳಿಗೆ ಏನಂತ ಹೇಳಲಿ?" ಅಂದಳು, ಅಷ್ಟೇ. ಆಮೇಲೆ, ಸೆಕ್ರೆಟರಿ ಕೀರ್ತಿಭಾಯಿ ಒಳ್ಳೆಯವರು, ಒಂದು ಮಾತು ಕೇಳಿ ನೋಡಿ ಅಂತಲೂ ಹೇಳಿದಳು. ನನ್ನ ಪಿತ್ತ ನೆತ್ತಿಗೇರಿತು. ಕೇಳೋದೇನು ಬಂತು, ಅದು ನಮ್ಮ ಹಕ್ಕು, ನಾನಿದ್ದೀನಿ ಅಂದೆ. ನಾನಿದ್ದೀನಿ ಅಂದಾಗಲೆಲ್ಲ ಅವಳ ಮುಖದಲ್ಲಿ ಒಂಥರಾ ಕಳವಳ ಕಾಣುತ್ತದೆ. ಈಗಲೂ ಕಂಡಿತು.

ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ಗುಟ್ಟು ಬಿಟ್ಟುಕೊಟ್ಟ. ಕಾಯಿದೆ, ತೀರ್ಪು ಎಲ್ಲ ಸರ್ಕಾರದ, ಕೋರ್ಟುಗಳ ವೆಬ್‌ಸೈಟಿನಲ್ಲೇ ಬಿಟ್ಟಿ ಸಿಗುತ್ತವೆಯಂತೆ. ನಾನು ಬಾಯಿ ಬಿಟ್ಟುಕೊಂಡು ಕೂತೆ. ವಕೀಲರ ಬೀರುವಿನಲ್ಲಿ ದಪ್ಪ ರಟ್ಟಿನ ಪುಸ್ತಕಗಳೊಳಗೆ ಕಾನೂನು ಬೀಗಮುದ್ರೆಯಲ್ಲಿರುತ್ತದೆ ಅಂದುಕೊಂಡಿದ್ದವನು ನಾನು. ಮನೆಗೆ ಬಂದವನೇ ಹುಡುಕಲು ಕೂತೆ. ಒಂದಲ್ಲ ಎರಡಲ್ಲ, ತೀರ್ಪುಗಳು ರಾಶಿ ರಾಶಿ ಬಂದು ಬಿದ್ದವು. ಮೂರನೆಯ ದಿನ ಒಂದು ಸಿಕ್ಕಿತು ನೋಡಿ. ಯಾವುದೋ ಸೊಸೈಟಿಯ ವಿರುದ್ಧ ಯಾರೋ ಸದಸ್ಯ ಹೂಡಿದ್ದ ಕೇಸು. ಒಂಬತ್ತನೇ ಪ್ಯಾರಾದಲ್ಲಿ, ಸಾಂಸ್ಕೃತಿಕ ಕೆಲಸಕ್ಕೆ ಸಾರ್ವಜನಿಕ ಕೋಣೆ ಬಳಸುವುದನ್ನು ತಡೆಯುವ ಅಧಿಕಾರ ಸಮಿತಿಗೆ ಇಲ್ಲವೇ ಇಲ್ಲ ಎಂದಿತ್ತು. ನಮಗೋಸ್ಕರವೇ ಬರೆದಂತಿತ್ತು. ಇನ್ನೂ ಬಹಳ ಪುಟಗಳಿದ್ದವು, ಆದರೆ ಬೇಕಾದ್ದು ಸಿಕ್ಕ ಮೇಲೆ ಯಾರು ಓದುತ್ತಾರೆ? ಆ ಒಂದು ಪುಟ ಪ್ರಿಂಟು ತೆಗೆಸಿ, ಹಳದಿ ಗೆರೆ ಎಳೆದು ಜೇಬಿಗಿಟ್ಟೆ.

ಶನಿವಾರ ಸಂಜೆ ಸಮಿತಿಯ ಸಭೆ. ವಸುಧಾಳೂ ಜೊತೆಗೆ ಬಂದಳು. ಕೀರ್ತಿಭಾಯಿ ನಿವೃತ್ತ ಗಣಿತದ ಮೇಷ್ಟ್ರು, ಮೆದು ಮಾತಿನ ಮನುಷ್ಯ. ಮೊದಲು ಚಹಾ ಕುಡಿಯಿರಿ ಅಂದರು. ನಾನು ಕುಡಿಯಲಿಲ್ಲ. ಎದ್ದು ನಿಂತು ಒಂಬತ್ತನೇ ಪ್ಯಾರಾ ಗಟ್ಟಿಯಾಗಿ ಓದಿದೆ. ಇದು ಎಲ್ಲಿ ಸಿಕ್ಕಿತು ಅಂತ ಕೀರ್ತಿಭಾಯಿ ಕೇಳಿದರು. ನಾನು ಎದೆಯುಬ್ಬಿಸಿ, ಕೋರ್ಟಿನದೇ ವೆಬ್‌ಸೈಟು, ಪುಕ್ಕಟೆ, ಯಾರು ಬೇಕಾದರೂ ನೋಡಬಹುದು ಅಂದೆ. ಯಾರು ಬೇಕಾದರೂ? ಅಂತ ಅವರು ಕನ್ನಡಕ ಹಾಕಿಕೊಂಡು ಮೊಬೈಲು ತೆಗೆದರು.

ನನಗೆ ಪುಕ್ಕಟೆಯಾದದ್ದು ಅವರಿಗೂ ಪುಕ್ಕಟೆ ಅನ್ನೋದು ಆಗ ಹೊಳೆಯಿತು. ಅವರು ಉತ್ತರಪತ್ರಿಕೆ ತಿದ್ದುವವರ ಹಾಗೆ ಬೆರಳಿಟ್ಟು ಓದುತ್ತಾ ಹೋದರು. ನನ್ನ ಚಹಾ ಕೆನೆಗಟ್ಟಿತು.

"ಭಾಯಿ, ನೀವು ಓದಿದ್ದು ಕೋರ್ಟಿನ ಮಾತಲ್ಲ. ಕೇಸು ಹಾಕಿದವರ ವಕೀಲರ ವಾದ," ಅಂದರು ಕೀರ್ತಿಭಾಯಿ. "ಕೊನೇ ಪುಟದಲ್ಲಿ ಕೋರ್ಟು ಅರ್ಜಿ ವಜಾ ಮಾಡಿದೆ."

ಸೋತವನ ವಾದವನ್ನು ಗೆದ್ದವನ ಗತ್ತಿನಲ್ಲಿ ಓದಿದ್ದೆ. ಅದೂ ನಾನು, ಕೊನೇ ಪುಟದ ಮೇಷ್ಟ್ರು. ವಸುಧಾಳ ಕಡೆ ತಿರುಗಲು ಧೈರ್ಯ ಬರಲಿಲ್ಲ. ಏಳು ಮಕ್ಕಳ ಕ್ಲಾಸನ್ನು ನಾನೇ ಕೈಯಾರೆ ಮುಚ್ಚಿಸಿದೆ ಅಂತ ಸಂಕಟವಾಯಿತು.

ಕೀರ್ತಿಭಾಯಿ ಮಾತ್ರ ತಣ್ಣಗೆ, ಆ ನೋಟೀಸು ಹೊರಗಿನಿಂದ ಬಂದು ಟ್ಯೂಷನ್ ನಡೆಸುವವರಿಗೆ ಹಾಕಿದ್ದು, ಸೊಸೈಟಿಯವರು ಒಂದು ಮಾತು ಕೇಳಿದ್ದರೆ ಸಾಕಿತ್ತು, ವಸುಧಾಬೆನ್‌ಗೆ ಇಲ್ಲ ಅನ್ನುತ್ತೇವೆಯೇ ಅಂದರು. ಡ್ರಾಯರಿನಿಂದ ಅನುಮತಿಯ ಫಾರಂ ತೆಗೆದು ಮುಂದಿಟ್ಟರು. ಅವರ ಮನಸ್ಸು ಬದಲಾಗುವ ಮುಂಚೆ ಅಂತ ಗಬಕ್ಕನೆ ಸಹಿ ಹಾಕಿದೆ.

ಮನೆಗೆ ಬಂದ ಮೇಲೆ ವಸುಧಾ ಫಾರಂ ಬಿಡಿಸಿ ನೋಡಿದಳು. ಹಿಂದೆಮುಂದೆ ತಿರುಗಿಸಿದಳು. "ಕೊನೇ ಪುಟ ಓದಿದ್ರಾ?" ಅಂದಳು. ಹಿಂಬದಿಯ ಕಟ್ಟಕಡೆಯ ಸಾಲಿನಲ್ಲಿತ್ತು: ಕ್ಲಾಸು ಮುಗಿದ ಮೇಲೆ ಕೋಣೆ ಗುಡಿಸಿ ಒರೆಸುವ ಜವಾಬ್ದಾರಿ ಸಹಿ ಮಾಡಿದ ಸದಸ್ಯರದು, ಖುದ್ದಾಗಿ.

ಈಗ ಭಾನುವಾರ ಕ್ಲಾಸು ಮುಗಿಯುವ ಹೊತ್ತಿಗೆ ನಾನು ಪೊರಕೆ ಹಿಡಿದು ಬಾಗಿಲಲ್ಲಿ ಹಾಜರು. ಮೊನ್ನೆ ಬೆಂಚಿನ ಕೆಳಗೆ ಬಗ್ಗಿ ಗುಡಿಸುತ್ತಿದ್ದೆ. ಪಿಂಕಿ ಕಾಲು ಮೇಲೆತ್ತಿ ಕೂತು ಗಮನವಿಟ್ಟು ನೋಡಿದಳು. ಆಮೇಲೆ ಒಂದೇ ಒಂದು ಗುಜರಾತಿ ಪದ ಬೆರೆಸದೆ, ಸ್ಪಷ್ಟವಾಗಿ ಹೇಳಿದಳು: "ಅಂಕಲ್, ಆ ಮೂಲೆಯಲ್ಲಿ ಇನ್ನೂ ಕಸ ಉಳಿದಿದೆ, ಪೂರ್ತಿ ಗುಡಿಸಿ."

ವಸುಧಾ ಸಂತೋಷದಿಂದ ಚಪ್ಪಾಳೆ ತಟ್ಟಿದಳು. ನಾನು ಮೂಲೆಗೆ ಹೋದೆ.