ಮಾವನ ಮೇಲಿನ ಆಣೆ

ಸೋದರಮಾವ ತೀರಿಕೊಂಡ ಸುದ್ದಿ ಬಂದಾಗ, ಕಾರ್ಖಾನೆಯವರೆಲ್ಲ ನಿಧಾನಪ್ಪನೆಂದು ಕರೆಯುತ್ತಿದ್ದ ಕೆಲಸಗಾರ ರಬ್ಬರ್ ಉಂಗುರಗಳನ್ನು ಚಳಿಯಂತ್ರದ ಡ್ರಮ್ಮಿಗೆ ಸುರಿಯುತ್ತಿದ್ದ. ಫೋನಿನಲ್ಲಿ ಅತ್ತೆ, "ಮಾವ ಹೋಗ್ಬಿಟ್ರು, ಬಾ ಮಗಾ" ಎಂದಷ್ಟೇ ಹೇಳಿ ಅಳುತ್ತ ಇಟ್ಟಳು. ತಂದೆಯಿಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವನು ಆ ಮಾವ. ಕಡೆಗೊಮ್ಮೆ ಅವನಿಗೆ ಹೆಗಲು ಕೊಡದಿದ್ದರೆ ಈ ಹೆಗಲಿದ್ದೇನು ಫಲ?

"ಮಧ್ಯಾಹ್ನದೊಳಗೆ ಎತ್ತಿಬಿಡ್ತಾರೆ ಕಣಯ್ಯ. ಇಂಥಾದ್ದನ್ನ ಯಾರೂ ಇಟ್ಕೊಂಡು ಕೂರಲ್ಲ" ಎಂದ ಪ್ಯಾಕಿಂಗಿನವನು, ತನ್ನನ್ನು ಕೇಳಿಯೇ ಎತ್ತುವವರಂತೆ.

ಮಾಲೀಕರು, "ಡ್ರಮ್ಮಲ್ಲಿರೋದು ಮುಗಿಸಿ ಹೊರಡಪ್ಪ" ಎಂದರು.

ಅಚ್ಚಿನಿಂದ ಬಂದ ಉಂಗುರದ ಅಂಚಿಗೆ ರಬ್ಬರಿನ ತೆಳು ಜಾಲರಿ ಅಂಟಿಕೊಂಡಿರುತ್ತದೆ. ಕಡುಶೀತದ ಅನಿಲ ಬಿಟ್ಟು ತಿರುಗಿಸಿದರೆ ಜಾಲರಿ ಗಾಜಿನಂತಾಗಿ ಉದುರುತ್ತದೆ. ದಪ್ಪನೆಯ ಉಂಗುರ ಉಳಿಯುತ್ತದೆ. ಹದ ತಪ್ಪಬಾರದು, ಅಷ್ಟೆ.

"ಚಳಿ ಜಾಸ್ತಿ ಮಾಡು, ಬೇಗ ಉದುರುತ್ತೆ" ಎಂದಳು ತೂಕ ಹಾಕುವ ಅಕ್ಕ.

"ಜೋರಾಗಿ ತಿರುಗಿಸು" ಎಂದ ಪ್ಯಾಕಿಂಗಿನವನು.

ಜನ್ಮದಲ್ಲಿ ಅವಸರಪಡದ ನಿಧಾನಪ್ಪ ಎರಡನ್ನೂ ಮಾಡಿದ.

ಬಾಗಿಲು ತೆರೆದಾಗ ಬಿಳಿಯ ಹೊಗೆ ನುಗ್ಗಿತು. ಅದು ಕರಗಿದ ಮೇಲೆ ನೋಡಿದರೆ, ಡ್ರಮ್ಮಿನ ತಳ ಗಂಡಹೆಂಡಿರ ಜಗಳದ ಮರುದಿನದ ಅಡುಗೆಮನೆಯಂತಿತ್ತು. ಎಲ್ಲ ಚೂರುಚೂರು.

"ಜಾಲರೀನೂ ಇಲ್ಲ, ಉಂಗುರಾನೂ ಇಲ್ಲ! ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಆ ರೋಗ ನಿಂಗೂ ಬಂತೇನೋ?" ಎಂದು ಮಾಲೀಕರು ತಲೆ ಚಚ್ಚಿಕೊಂಡರು.

"ಇವತ್ತೊಂದಿನ ಬಿಡಿ ಸ್ವಾಮಿ. ನಾಳೆ ಬೆಳಗಾಗೋದ್ರೊಳಗೆ ಬರ್ತೀನಿ. ಹೊಸ ಲಾಟು ಮುಗಿಯೋವರೆಗೆ, ಕತ್ತಲಾದ್ರೂ ಯಂತ್ರ ಬಿಟ್ಟು ಕದಲಲ್ಲ. ಹೋದ ಮಾವನ ಮೇಲಾಣೆ!"

ಅಂಥ ಆಣೆಗೆ ಎದುರು ಹೇಳುವವರು ಯಾರು? ಬಿಟ್ಟರು.

ಬಿದ್ದು ಎದ್ದು ಓಡಿ ಬಂದರೆ, ಮನೆ ಮುಂದೆ ಜನ ಆರಾಮವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಎತ್ತಿಬಿಟ್ರಾ ಅತ್ತೆ?"

"ಎಲ್ಲೋ ಎತ್ತೋದು? ದೊಡ್ಡ ಮಗಳು ದೂರದಿಂದ ಬಂದು ಮುಖ ನೋಡ್ಬೇಡ್ವಾ? ತಣ್ಣನೆ ಪೆಟ್ಟಿಗೇಲಿ ಇಟ್ಟಿದೀವಿ. ನಾಳೆ ಮಧ್ಯಾಹ್ನ ಎತ್ತೋದು. ಮುಂದಿನ ಹೆಗಲು ನಿಂದೇ ಕಣೋ."

ನಿಧಾನಪ್ಪ ಪೆಟ್ಟಿಗೆಯ ಪಕ್ಕದಲ್ಲಿ ಕೂತ. ಗಾಜಿನಡಿ ಮಾವ ಯಾವ ಅವಸರವೂ ಇಲ್ಲದೆ ಮಲಗಿದ್ದ. ನಾಳೆ ಯಂತ್ರ ಬಿಟ್ಟು ಕದಲಲ್ಲವೆಂದು ಆಣೆಯಿಟ್ಟದ್ದು ಈ ಮಾವನ ಮೇಲೆಯೇ; ಮುರಿಯುವುದು ಹೇಗೆ? ಅಳುವೂ ನಗುವೂ ಒಟ್ಟಿಗೆ ಬಂದು ಅವನು ಕೈಮುಗಿದ.

"ದೇವರೇ, ನಾಳೆ ನನ್ನ ಜಾಗದಲ್ಲಿ ನೀನೇ ಹೆಗಲು ಕೊಡಪ್ಪ. ನನ್ನ ಮಾವನ ಜೀವಕ್ಕೆ ಶಾಂತಿ ಕೊಡು."