ಪುಡಿಯ ಪ್ರಬಂಧ, ಬಾಟಲಿಯ ಕೊಳೆ

ನೊರೀನ್: ಕೆಟ್ಟ ಮಾಲು ಕೊಟ್ಟಿದ್ದೂ ಅಲ್ದೆ, ನನ್ನ ಕೈಗುಣ ಸರಿಯಿಲ್ಲ ಅಂತೀರಾ?

ಡೆಲ್ಬರ್ಟ್: ಹೊಸಾ ಬಾಟಲಿ ಕಣಮ್ಮ, ನಿನ್ನೆ ತಾನೇ ಬಂದಿದ್ದು. ಈ ಸ್ಟೋರಲ್ಲಿ ಅಷ್ಟು ಶುದ್ಧವಾಗಿರೋದು ಇನ್ನೊಂದಿಲ್ಲ, ನನ್ನನ್ನೂ ಸೇರಿಸಿ.

ಮಿನೆಸೋಟದ ವಿಶ್ವವಿದ್ಯಾಲಯವೊಂದರ ರಾಸಾಯನಿಕ ಉಗ್ರಾಣದ ಕಿಟಕಿ. ಒಳಗೆ ಅರ್ಧ ತಿಂದ ಪೈ ಹಿಡಿದ ಉಗ್ರಾಣಿ ಡೆಲ್ಬರ್ಟ್. ಹೊರಗೆ ಸಂಶೋಧಕಿ ನೊರೀನ್. ಗುರುವಾರ ಗೈಡ್ ಎದುರು ಪ್ರಯೋಗ ಮಾಡಿ ತೋರಿಸದಿದ್ದರೆ ಅವಳ ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ.

ಡೆಲ್ಬರ್ಟ್: ಏನಾಯ್ತು, ನೆಟ್ಟಗೆ ಹೇಳು.

ನೊರೀನ್: ನೀವು ಕೊಟ್ಟ ಹೊಸಾ ಬಾಟಲಿ ಹೆಕ್ಸೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಬಿಟ್ಟೆ. ಎರಡು ವರ್ಷದಿಂದ ಬ್ರೋಮಿನ್ ಹೋಗಿ ಕಾರ್ಬನ್ ಸರಪಳಿ ತುದೀಲಿ ಕೂರ್ತಿತ್ತು. ಇವತ್ತು ತುದಿ ಬಿಟ್ಟು ಪಕ್ಕದ ಕಾರ್ಬನ್ ಮೇಲೆ ಕೂತಿದೆ! ನನ್ನ ಮೂರು ವರ್ಷದ ಮಗಳನ್ನ ಊಟಕ್ಕೆ ಕೂರಿಸೋದೇ ವಾಸಿ.

ಡೆಲ್ಬರ್ಟ್: ಪುಸ್ತಕದ ನಿಯಮಾನೂ ಅದೇ ತಾನೇ? ಪಕ್ಕದಲ್ಲೇ ಕೂರ್ಬೇಕು.

ನೊರೀನ್: ಆ ನಿಯಮ ಮುರಿದಿದ್ದೇ ನನ್ನ ಸಂಶೋಧನೆ ರೀ! ನನ್ನ ತಾಮ್ರದ ಪುಡಿ ಅದನ್ನ ತುದಿಗೆ ಅಟ್ಟುತ್ತೆ. ಪ್ರಬಂಧದ ಹೆಸರಲ್ಲೇ ಪುಡಿ ಇದೆ.

ಡೆಲ್ಬರ್ಟ್: ಇವತ್ತು ಪುಡಿಗೆ ರಜವಾ?

ನೊರೀನ್: ನಿಮ್ಮ ಹೊಸಾ ಬಾಟಲೀಲೇ ಏನೋ ಕೊಳೆ ಇದೆ. ನಂಗೆ ಇಷ್ಟು ದಿನ ಕೊಡ್ತಿದ್ದ ಹಳೇದೇ ಕೊಡಿ.

ಡೆಲ್ಬರ್ಟ್: ಅದನ್ನ ಎಸೆಯೋಕೆ ಇಟ್ಟಿದ್ದೀನಿ. ಸೀಲು ಒಡೆದು ಏಳು ವರ್ಷ ಆಯ್ತು. ಮುಚ್ಚಳ ಬೇರೆ ಸಡಿಲ. ಅಷ್ಟೂ ವರ್ಷ ಗಾಳಿ ಕುಡ್ಕೊಂಡು ಕೂತಿತ್ತು.

ನೊರೀನ್ ಕೈ ಚಾಚಿ ಹಳೇ ಬಾಟಲಿ ಈಸಿಕೊಂಡಳು, ಒಂದು ಪರೀಕ್ಷಾ ಪಟ್ಟಿ ಅದ್ದಿದಳು. ಬಿಳಿಯ ಪಟ್ಟಿ ಕಡು ನೀಲಿಯಾಯಿತು.

ಡೆಲ್ಬರ್ಟ್: ಗಾಳಿ ಸೇರಿ ಪೆರಾಕ್ಸೈಡ್ ಆಗಿದೆ! ಅದಿದ್ರೆ ಬ್ರೋಮಿನ್ ತುದಿಗೇ ಹೋಗೋದು. ಎರಡನೇ ವರ್ಷದ ಮಕ್ಕಳಿಗೂ ಗೊತ್ತು.

ನೊರೀನ್: ಅವರಿಗೆ ಪಾಠ ಮಾಡೋಳೇ ನಾನು!

ಡೆಲ್ಬರ್ಟ್: ಪುಡಿ ಹಾಕ್ದೆ ಒಂದ್ಸಲನಾದ್ರೂ ಮಾಡಿ ನೋಡಿದ್ಯಾ?

ನೊರೀನ್: ಹಾಕ್ದೆ ಯಾಕ್ ಮಾಡ್ಲಿ? ಕೆಲಸ ಆಗ್ತಿತ್ತಲ್ಲ!

ಡೆಲ್ಬರ್ಟ್: ಹಾಗಾದ್ರೆ ಎರಡು ವರ್ಷ ಪುಡಿ ಏನ್ಮಾಡ್ತಿತ್ತು?

ನೊರೀನ್: ಕೂತು ನೋಡ್ತಿತ್ತು.

ಅವಳ ಮುಖ ನೋಡಿ ಡೆಲ್ಬರ್ಟನಿಗೆ ಪೈ ರುಚಿಸಲಿಲ್ಲ. ಬಾಟಲಿಯನ್ನು ಅವಳತ್ತ ಸರಿಸಿದ.

ಡೆಲ್ಬರ್ಟ್: ತಗೊಂಡ್ಹೋಗಮ್ಮ. ಗುರುವಾರ ಕಳೀಲಿ. ನಾನು ಬಾಯಿ ಬಿಡಲ್ಲ.

ನೊರೀನ್ ಬಾಟಲಿಯನ್ನು ಎದೆಗವಚಿಕೊಂಡು ನಾಲ್ಕು ಹೆಜ್ಜೆ ಹೋದಳು. ನಿಂತಳು. ಹಿಂದಿರುಗಿದಳು.

ನೊರೀನ್: ಆ ಹೊಸದನ್ನೂ ಕೊಡಿ. ಎರಡನ್ನೂ ಗೈಡ್ ಎದುರಿಗೇ ಇಡ್ತೀನಿ. ವರ್ಷ ಹೋದ್ರೆ ಹೋಗ್ಲಿ. ಪುಡೀದೇನೂ ಇಲ್ಲ, ಎಲ್ಲಾ ಕೊಳೆಯ ಮಹಿಮೆ ಅಂತ್ಲೇ ಬರೀತೀನಿ.

ಡೆಲ್ಬರ್ಟ್: ಬರಿಯೋದಾದ್ರೆ ನನ್ನ ಹೆಸರೂ ಹಾಕು ಮತ್ತೆ. ಏಳು ವರ್ಷ ಆ ಮುಚ್ಚಳ ಬಿಗಿ ಮಾಡದೇ ಬಿಟ್ಟೋನು ನಾನೇ.